ಅನಿಮೆ ಫೈಟಿಂಗ್ ಗೇಮ್‌ನ ಬ್ಯಾಲೆನ್ಸ್: ಡ್ಯಾಮೇಜ್ ಮುಟ್ಟುವ ಮೊದಲು ಫ್ರೇಮ್ ಎಣಿಸಿ

ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಮಂದಿಗೆ ಹೊಸ ಫೈಟಿಂಗ್ ಗೇಮ್ ಆಡಲು ಕೊಡಿ. ಅರ್ಧ ತಾಸಿನೊಳಗೆ ದೂರು ಬರುತ್ತದೆ: "ಆ ಪೈಲ್ವಾನ ಭಾಳ ಓಪಿ ಅದಾನ್ಲೇ, ಡ್ಯಾಮೇಜ್ ಕಡಿಮಿ ಮಾಡ್ರಿ." ಓಪಿ ಅಂದರೆ ಓವರ್‌ಪವರ್ಡ್, ಮಿತಿಮೀರಿದ ಬಲದವ; ಡ್ಯಾಮೇಜ್ ಅಂದರೆ ಏಟಿಗೆ ಕಳೆಯುವ ಜೀವ. ತಂಡದವರು ಅದೇ ರಾತ್ರಿ 180 ಇದ್ದದ್ದನ್ನು 140ಕ್ಕೆ ಇಳಿಸುತ್ತಾರೆ. ಮರುದಿನ ಮತ್ತೆ ಅದೇ ದೂರು, ಈ ಸಲ ಜತೆಗೆ "ಮ್ಯಾಚ್ ಮುಗಿಯೂದೇ ಇಲ್ಲ" ಅನ್ನುವುದೂ ಸೇರಿರುತ್ತದೆ. ಆಡುವವರ ಸಿಟ್ಟು ನಿಜ, ಅವರು ಹೇಳುವ ಔಷಧ ಮಾತ್ರ ಬಹಳ ಸಲ ತಪ್ಪು. ಏಟು ಜೋರಾಗಿದೆ ಅನ್ನುವುದಕ್ಕಿಂತ, ಏಟಿನ ನಂತರ ತನ್ನ ಸರದಿ ಬರಲೇ ಇಲ್ಲ ಅನ್ನುವುದು ಅವರ ತೊಂದರೆ. ಸರದಿ ಯಾರದು ಎಂದು ತೀರ್ಮಾನಿಸುವುದು ಫ್ರೇಮ್ ಲೆಕ್ಕ, ಅಂದರೆ ತೆರೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳ ಎಣಿಕೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಪ್ರಾಜೆಕ್ಟಿಗೋ ಹವ್ಯಾಸಕ್ಕೋ ಇಂಥ ಗೇಮ್ ಕಟ್ಟುತ್ತಿರುವ ಎರಡು ಮೂರು ಜನರ ತಂಡವನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಬರೆದಿದೆ. ಎಂಜಿನ್ (ಗೇಮ್ ಕಟ್ಟುವ ಸಾಫ್ಟ್‌ವೇರ್) ಗೋಡೋ 4 ಎಂದು ಹಿಡಿದಿದ್ದೇವೆ. ಪುಕ್ಕಟೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಯೂನಿಟಿ ಬಳಸುವವರಿಗೂ ಅಂಕಿಗಳು ಇವೇ. ಉದಾಹರಣೆಗೆ ಮೂರು ಪಾತ್ರ: ಮುಧೋಳದ ಪೈಲ್ವಾನ ಮಲ್ಲಣ್ಣ, ಹತ್ತಿರ ಬಂದು ಪಟ್ಟು ಹಾಕುವವ. ಕಿತ್ತೂರಿನ ಚೆನ್ನಿ, ಎರಡು ಕತ್ತಿ, ಬಿಡುವಿಲ್ಲದ ದಾಳಿ. ವಿಜಯಪುರದ ಬಾನು, ಗೋಳಗುಮ್ಮಟದ ಮಾರ್ದನಿಯನ್ನೇ ಅಲೆಯಾಗಿ ದೂರದಿಂದ ಎಸೆಯುವವಳು. ಮೂವರಿಗೂ ಜೀವ 1000.

ಮೊದಲು ಗಡಿಯಾರ ಸರಿಪಡಿಸಿ

ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡಬೇಕು, ಅಂದರೆ ಒಂದು ಫ್ರೇಮ್ ಸುಮಾರು 16.67 ಮಿಲಿಸೆಕೆಂಡು. ಗೋಡೋದಲ್ಲಿ ಫಿಸಿಕ್ಸ್ ಟಿಕ್ (ಚಲನೆಯ ಲೆಕ್ಕ ಸೆಕೆಂಡಿಗೆ ಎಷ್ಟು ಸಲ ನಡೆಯುತ್ತದೆ ಎಂಬುದು) ಮೊದಲಿನಿಂದಲೇ 60 ಇರುತ್ತದೆ, ಅದನ್ನು ಹಾಗೇ ಬಿಡಿ. ಹೊಡೆದಾಟದ ಎಲ್ಲ ತರ್ಕವೂ ಫಿಸಿಕ್ಸ್ ಪ್ರೊಸೆಸ್ ಒಳಗೇ ಇರಲಿ. ಸಮಯವನ್ನು ಸೆಕೆಂಡಿನಲ್ಲಿ, ದಶಮಾಂಶದಲ್ಲಿ ಇಡಬೇಡಿ. ಪ್ರತಿ ಪಾತ್ರಕ್ಕೂ ಒಂದು ಪೂರ್ಣಾಂಕದ ಫ್ರೇಮ್ ಕೌಂಟರ್ ಇರಲಿ. ಟೈಮರ್ ನೋಡ್ ಬಳಸಿದ ಗೇಮ್‌ಗಳಲ್ಲಿ ಅದೇ ಪಂಚ್ ಒಮ್ಮೆ 5, ಒಮ್ಮೆ 6 ಫ್ರೇಮಿಗೆ ತಾಕುತ್ತದೆ. ಆಮೇಲೆ ಯಾವ ಟೇಬಲ್ ಬರೆದರೂ ಸುಳ್ಳು.

ಇನ್ನೊಂದು ಮೋಸ, ತಾಕಿತೇ ಎಂದು ನೋಡಲು ಗೋಡೋ ಕೊಡುವ ಏರಿಯಾ2ಡಿ ನೋಡ್‌ನಲ್ಲಿ ಅಡಗಿದೆ. ಯಾವ ಏರಿಯಾಗಳು ಒಂದರ ಮೇಲೊಂದು ಬಂದಿವೆ ಎಂಬ ಪಟ್ಟಿಯನ್ನು ಗೋಡೋ ಫಿಸಿಕ್ಸ್ ಹೆಜ್ಜೆಗೆ ಒಮ್ಮೆ ಮಾತ್ರ ನವೀಕರಿಸುತ್ತದೆ, ನೀವು ಬಾಕ್ಸ್ ಸರಿಸಿದ ಆ ಕ್ಷಣಕ್ಕಲ್ಲ. ಹಾಗಾಗಿ ಹಿಟ್‌ಬಾಕ್ಸ್ (ಹೊಡೆಯುವ ಜಾಗದ ಚೌಕಟ್ಟು) ಆನ್ ಮಾಡಿದ ಫ್ರೇಮಿನಲ್ಲೇ ಕೇಳಿದರೆ ಹಳೆಯ ಪಟ್ಟಿ ಸಿಗುತ್ತದೆ, ಏಟು ಒಂದು ಫ್ರೇಮ್ ತಡವಾಗುತ್ತದೆ. ಫೈಟಿಂಗ್ ಗೇಮಿಗೆ ಸಾದಾ ಆಯತ ಸಾಕು: ರೆಕ್ಟ್2 ಇಟ್ಟುಕೊಂಡು ಎರಡು ಆಯತ ಕೂಡಿದವೇ ಎಂದು ನೀವೇ ಪರೀಕ್ಷಿಸಿ. ಹಿಟ್‌ಬಾಕ್ಸ್ ಕೆಂಪು, ಹರ್ಟ್‌ಬಾಕ್ಸ್ (ಏಟು ಬೀಳುವ ಮೈಯ ಚೌಕಟ್ಟು) ಹಸಿರು ಬಣ್ಣದಲ್ಲಿ ತೆರೆಯ ಮೇಲೆ ಮೂಡಿಸಲು ಒಂದು ಬಟನ್ ಇರಲಿ. ಅದಿಲ್ಲದೆ ಬ್ಯಾಲೆನ್ಸ್ ಮಾತನ್ನು ಶುರುವೇ ಮಾಡಬೇಡಿ.

ಈಗ ಬಟನ್ ಒತ್ತಿದ್ದು ತೆರೆಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯಿರಿ. ಸ್ಲೋ ಮೋಶನ್ ಇರುವ ಫೋನಿನಲ್ಲಿ 240 ಫ್ರೇಮ್ ವೇಗಕ್ಕೆ ವಿಡಿಯೋ ಹಿಡಿಯಿರಿ. ಬೆರಳು, ತೆರೆ ಎರಡೂ ಕಾಣಬೇಕು. ಬಟನ್ ಪೂರ್ತಿ ಒತ್ತಿದಲ್ಲಿಂದ ಪಾತ್ರ ಅಲುಗುವ ತನಕ ವಿಡಿಯೋ ಫ್ರೇಮ್ ಎಣಿಸಿ 4ರಿಂದ ಭಾಗಿಸಿದರೆ ಗೇಮ್ ಫ್ರೇಮ್ ಸಿಗುತ್ತದೆ. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. 5 ಫ್ರೇಮ್ ಒಳಗಿದ್ದರೆ ಚೆನ್ನ. 8-9 ಬಂದರೆ ಬೈಯಬೇಕಾದ್ದು ಗೇಮನ್ನಲ್ಲ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಬ್ಲೂಟೂತ್ ಬಿಟ್ಟು ವೈರ್ ಹಚ್ಚಿ, ಚಿತ್ರವನ್ನು ತೆರೆಯ ವೇಗಕ್ಕೆ ಕಾಯಿಸುವ ವಿ-ಸಿಂಕ್ ತೆಗೆದು ನೋಡಿ.

ಪ್ರತಿ ಏಟಿಗೂ ಐದು ಅಂಕಿ

ಏಟು ತಾಕುವ ಮುನ್ನಿನ ಸ್ಟಾರ್ಟಪ್, ತಾಕಬಲ್ಲ ಹೊತ್ತಿನ ಆಕ್ಟಿವ್, ಆಮೇಲೆ ಕೈ ಹಿಂದೆಗೆಯುವ ರಿಕವರಿ, ಏಟು ತಾಕಿದಾಗ ಎದುರಾಳಿ ಅಲುಗಲಾಗದ ಹಿಟ್‌ಸ್ಟನ್, ತಡೆದಾಗ ಅಲುಗಲಾಗದ ಬ್ಲಾಕ್‌ಸ್ಟನ್. ಎಲ್ಲ ಏಟುಗಳನ್ನೂ ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆದು ಗೇಮ್ ಅದನ್ನೇ ಓದುವಂತೆ ಮಾಡಿ. ಕೋಡಿನೊಳಗೆ ಅಂಕಿ ಚೆಲ್ಲಾಡಬೇಡಿ.

ಚೆನ್ನಿಯ ಹಗುರ ಏಟು ಹೀಗಿರಲಿ: ಸ್ಟಾರ್ಟಪ್ 5, ಆಕ್ಟಿವ್ 3, ರಿಕವರಿ 9. ಅಂದರೆ 6ನೇ ಫ್ರೇಮಿಗೆ ತಾಕುತ್ತದೆ, 18ನೇ ಫ್ರೇಮಿಗೆ ಅವಳ ಕೈ ಬಿಡುವಾಗುತ್ತದೆ. ಸೂತ್ರ ಇಷ್ಟೆ: ಸ್ಟನ್‌ನಿಂದ, ಆಕ್ಟಿವ್‌ನಲ್ಲಿ ಒಂದು ಕಳೆದು ರಿಕವರಿ ಕೂಡಿಸಿದ್ದನ್ನು ಕಳೆಯಿರಿ. ಇಲ್ಲಿ ಆ ಮೊತ್ತ 11. ಹಿಟ್‌ಸ್ಟನ್ 15 ಇದ್ದರೆ ಚೆನ್ನಿ 4 ಫ್ರೇಮ್ ಮುಂದೆ. ಬ್ಲಾಕ್‌ಸ್ಟನ್ 9 ಇದ್ದರೆ 2 ಫ್ರೇಮ್ ಹಿಂದೆ. ತಾಕಿದರೆ ಹೊಡೆದವರ ಸರದಿ, ತಡೆದರೆ ತಡೆದವರ ಸರದಿ: ಹಗುರ ಏಟಿಗೆ ಇದು ನ್ಯಾಯ.

ಯಾರೋ "ಚೆನ್ನಿ ಚುರುಕಾಗಿ ಅನಿಸಬೇಕು" ಎಂದು ಬ್ಲಾಕ್‌ಸ್ಟನ್ 13 ಮಾಡಿದರು ಎನ್ನಿ. ಈಗ ತಡೆದರೂ ಅವಳೇ 2 ಫ್ರೇಮ್ ಮುಂದೆ. ಎದುರಾಳಿಯ ಅತಿ ವೇಗದ ಏಟೂ 6ನೇ ಫ್ರೇಮಿಗೇ ತಾಕುವುದಾದರೆ ಚೆನ್ನಿಯ ಎರಡನೇ ಏಟು ಅದಕ್ಕಿಂತ 2 ಫ್ರೇಮ್ ಮೊದಲೇ ಬಂದಿರುತ್ತದೆ. ಒತ್ತುವುದಕ್ಕಿಂತ ತಡೆಯುವುದೇ ಲೇಸು, ಮತ್ತೆ ತಡೆ, ಮತ್ತೆ ತಡೆ. ತಡೆದಾಗ ಹಿಂದಕ್ಕೆ ಸರಿಯುವ ದೂರವೂ ಕಡಿಮೆಯಿದ್ದರೆ ಮೂಲೆಯಲ್ಲಿ ಇದಕ್ಕೆ ಕೊನೆಯೇ ಇಲ್ಲ. ಇಲ್ಲಿ ಡ್ಯಾಮೇಜ್ 40ರಿಂದ 30ಕ್ಕೆ ಇಳಿಸಿದರೆ ಏನಾಯಿತು? ಸೆರೆ ಇನ್ನಷ್ಟು ಉದ್ದವಾಯಿತು. ಬ್ಲಾಕ್‌ಸ್ಟನ್ ಮತ್ತೆ 9 ಮಾಡಿ, ಅಥವಾ ಮೂರನೇ ತಡೆಯ ನಂತರ ಏಟು ಎಟುಕದಷ್ಟು ಹಿಂದಕ್ಕೆ ತಳ್ಳಿ. ಚುರುಕುತನ ಬೇಕೆಂದರೆ ಅವಳ ಓಟದ ವೇಗ ಹೆಚ್ಚಿಸಿ.

ಬಾನುವಿನ ಏಳು ಮಾರ್ದನಿ

ದೂರದಾಳಿಯ ಪಾತ್ರದಲ್ಲಿ ತಪ್ಪು ಕಾಣಲು ಹೆಚ್ಚು ಹೊತ್ತು ಬೇಕು, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ. ಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ದನಿ ಏಳು ಸಲ ಮಾರ್ದನಿಸುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತು. ಬಾನುವಿನ ಅಲೆಯೂ ಏಳು ಸಲ ತಾಕಲಿ ಎಂದು ಯಾವ ತಂಡಕ್ಕಾದರೂ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ.

ಅಲೆ 14ನೇ ಫ್ರೇಮಿಗೆ ತಾಕಲು ಶುರು, 6 ಫ್ರೇಮಿಗೊಂದರಂತೆ ಏಳು ತಾಕು, ಪ್ರತಿ ತಾಕಿಗೆ ಬ್ಲಾಕ್‌ಸ್ಟನ್ 12, ಬಾನುವಿನ ಒಟ್ಟು ಚಲನೆ 54 ಫ್ರೇಮ್. ಕೊನೆಯ ತಾಕು 50ನೇ ಫ್ರೇಮಿಗೆ. ತಡೆದವನು 63ನೇ ಫ್ರೇಮಿಗೆ ಬಿಡುಗಡೆ. ಬಾನು 55ಕ್ಕೇ ಬಿಡುವು. ಹತ್ತಿರವೇ ಅವಳು 8 ಫ್ರೇಮ್ ಮುಂದೆ. ಅಲೆ ಹೋಗಿ ಮುಟ್ಟಲು 20 ಫ್ರೇಮ್ ಹಿಡಿಯುವಷ್ಟು ದೂರದಿಂದಾದರೆ 28 ಮುಂದೆ. ಒಂದಾದ ಮೇಲೊಂದು ಅಲೆ ಎಸೆದರೆ, ಎದುರಾಳಿ ಪ್ರತಿ 54 ಫ್ರೇಮಿನಲ್ಲಿ 49 ಫ್ರೇಮ್ ಕಟ್ಟಿಹಾಕಿಸಿಕೊಂಡಿರುತ್ತಾನೆ. ಉಳಿದದ್ದು 5 ಫ್ರೇಮ್, ಸುಮಾರು 83 ಮಿಲಿಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಕೈ ಓಡಲು ಸರಾಸರಿ 250 ಮಿಲಿಸೆಕೆಂಡು, ಅಂದರೆ 15 ಫ್ರೇಮ್ ಬೇಕು. ನೋಡಿ ಹಾರಲು ಆಗುವುದಿಲ್ಲ, ಮುಂಚೆಯೇ ಊಹಿಸಿ ಒತ್ತಿ ಹಿಡಿಯಬೇಕಷ್ಟೆ.

ಇದರ ಮೇಲೆ ತಡೆದಾಗಲೂ ಸೋರುವ ಚಿಪ್ ಡ್ಯಾಮೇಜ್ ತಾಕಿಗೆ 8 ಇಟ್ಟರೆ ಅಲೆಗೆ 56. ಹದಿನೆಂಟು ಅಲೆಗೆ 1000 ಜೀವ ಖಾಲಿ. 972 ಫ್ರೇಮ್, 16.2 ಸೆಕೆಂಡು. ತೊಂಬತ್ತು ಸೆಕೆಂಡಿನ ರೌಂಡನ್ನು ಒಂದೇ ಬಟನ್ನಿನಿಂದ ಹದಿನಾರರಲ್ಲಿ ಮುಗಿಸಬಹುದು. ಸ್ಪ್ಯಾಮ್ ಅಂತಾರಲ್ಲ, ಅದರ ಬೇರು ಈ ಟೇಬಲ್ಲಿನಲ್ಲಿದೆ.

ತಾಕುವುದನ್ನು ಮೂರಕ್ಕೆ ಇಳಿಸಿ. ಉಳಿದ ನಾಲ್ಕು ಮಾರ್ದನಿ ಸದ್ದಿನಲ್ಲಿ, ಚಿತ್ರದಲ್ಲಿ ಮಾತ್ರ ಮಸುಕಾಗುತ್ತ ಹೋಗಲಿ. ಗುಮ್ಮಟದ ಕಲ್ಪನೆಗೆ ಏನೂ ಕುಂದಿಲ್ಲ. ಈಗ ಕೊನೆಯ ತಾಕು 26ಕ್ಕೆ, ಎದುರಾಳಿ 39ಕ್ಕೆ ಬಿಡುಗಡೆ. ಹತ್ತಿರದಲ್ಲಿ ಬಾನು 16 ಫ್ರೇಮ್ ಹಿಂದೆ, ಅಂದರೆ ತಡೆದವನು ಖಚಿತವಾಗಿ ತಿರುಗಿ ಹೊಡೆಯಬಹುದು. 20 ಫ್ರೇಮ್ ದೂರದಿಂದ ಅವಳು 4 ಮುಂದೆ. ಅಲೆ ಅಲೆಗಳ ನಡುವಿನ ಸಂದು 29 ಫ್ರೇಮ್, ನೋಡಿ ಹಾರಲು ಸಾಕು. ದೂರ ಕಾಪಾಡಿಕೊಂಡರೆ ಲಾಭ, ಬಿಟ್ಟುಕೊಟ್ಟರೆ ಶಿಕ್ಷೆ. ದೂರದಾಳಿ ಪಾತ್ರದ ಆಟ ಇರುವುದೇ ಇದರಲ್ಲಿ. ಚಿಪ್‌ನಿಂದ ಜೀವ 1ಕ್ಕಿಂತ ಕೆಳಗೆ ಹೋಗದಂತೆಯೂ ಮಾಡಿ.

ಅಲೆಯ ಪ್ರತಿ ತಾಕಿನ ಡ್ಯಾಮೇಜನ್ನು ಇಲ್ಲೆಲ್ಲೂ ಮುಟ್ಟಿಲ್ಲ ಎಂಬುದನ್ನು ಗಮನಿಸಿ.

ಮಲ್ಲಣ್ಣನ ಪಟ್ಟು

ಪಟ್ಟನ್ನು ತಡೆಯಲು ಬರುವುದಿಲ್ಲ, ಹಾರಿ ತಪ್ಪಿಸಿಕೊಳ್ಳಬೇಕು ಅಥವಾ ಮೊದಲು ಹೊಡೆಯಬೇಕು. ಹಾಗಾಗಿ ಸ್ಟಾರ್ಟಪ್ 4 ಇಟ್ಟರೆ 5ನೇ ಫ್ರೇಮಿಗೆ ಹಿಡಿದುಬಿಡುತ್ತಾನೆ, ಎಲ್ಲರ ಹಗುರ ಏಟಿಗಿಂತ ಮೊದಲೇ. 180ರಂತೆ ಆರು ಪಟ್ಟಿಗೆ ರೌಂಡ್ ಮುಗಿಯಿತು. ಆರು ಪಟ್ಟು ಬೀಳುವುದು ತಪ್ಪಲ್ಲ. ಒಂದು ಬಿದ್ದ ಮೇಲೆ ಉಳಿದ ಐದೂ ತಾವೇ ಬೀಳುವುದು ತಪ್ಪು. ಕೆಡವಿದ ಮೇಲೆ ಮಲ್ಲಣ್ಣ ಪಕ್ಕದಲ್ಲೇ ನಿಂತಿದ್ದು 22 ಫ್ರೇಮ್ ಮುಂದಿದ್ದರೆ, ಎದುರಾಳಿ ಏಳುತ್ತಲೇ ಮತ್ತೆ ಪಟ್ಟು.

ಮೂರು ಬದಲಾವಣೆ ಸಾಕು. ಎದ್ದ ಮೇಲೆ 6 ಫ್ರೇಮ್ ಪಟ್ಟು ತಾಕದಿರಲಿ, ಬ್ಲಾಕ್‌ಸ್ಟನ್ ಮುಗಿದ ಮೇಲೂ ಹಾಗೇ. ಪಟ್ಟಿನ ಕೊನೆಗೆ ಎದುರಾಳಿ ತೆರೆಯ ಮೂರನೇ ಒಂದು ಭಾಗದಷ್ಟು ದೂರ ಹೋಗಿ ಬೀಳಲಿ. ಪಟ್ಟು ತಪ್ಪಿದರೆ ರಿಕವರಿ 35 ಫ್ರೇಮ್. ಇಷ್ಟಾದ ಮೇಲೆ ಡ್ಯಾಮೇಜ್ 200ಕ್ಕೆ ಏರಿಸಿದರೂ ಯಾರೂ ಬೈಯುವುದಿಲ್ಲ. ಗರಡಿಮನೆ ನೋಡಿದ ಊರಿನವರಿಗೆ ಪೈಲ್ವಾನನ ಹೊಡೆತ ಬೆಣ್ಣೆಯಂತಿದ್ದರೆ ಅದೇ ದೊಡ್ಡ ದೂರಾದೀತು. ಮುಧೋಳ ನಾಯಿಯನ್ನು ಅಸಿಸ್ಟ್ (ಕರೆದಾಗ ಬಂದು ಹೊಡೆಯುವ ಜತೆಗಾರ) ಆಗಿ ಕೊಟ್ಟಿದ್ದರೆ, ಅದು ಓಡುತ್ತಿರುವಾಗ ಮಲ್ಲಣ್ಣನಿಗೆ ಏಟು ಬಿದ್ದರೆ ನಾಯಿ ತಿರುಗಿ ಹೋಗಲಿ. ಇಲ್ಲದಿದ್ದರೆ ಹೊಡೆದವನಿಗೇ ಕಚ್ಚು ಬಿದ್ದು ಸರದಿ ಮತ್ತೆ ಪೈಲ್ವಾನನ ಪಾಲಾಗುತ್ತದೆ.

ಕಾಂಬೋ ಎಷ್ಟು ಉದ್ದ ಇರಬೇಕು

1991ರ ಸ್ಟ್ರೀಟ್ ಫೈಟರ್ 2ರಲ್ಲಿ ಕಾಂಬೋ, ಅಂದರೆ ನಡುವೆ ಬಿಡಿಸಿಕೊಳ್ಳಲಾಗದ ಏಟುಗಳ ಸರಣಿ, ಹುಟ್ಟಿದ್ದು ಆಕಸ್ಮಿಕವಾಗಿ. ಗೇಮ್ ಮಾಡಿದ ಕ್ಯಾಪ್‌ಕಾಮ್‌ನವರು ಕಂಡೂ ಉಳಿಸಿಕೊಂಡರು. ಅಲ್ಲಿಂದ ಮುಂದೆ ಅನಿಮೆ ಗೇಮ್‌ಗಳು ಅದನ್ನೇ ಮುಖ್ಯ ಆಟ ಮಾಡಿಕೊಂಡವು, ಕೊನೆಯಿಲ್ಲದ ಕಾಂಬೋ ತಡೆಯುವ ಉಪಾಯವನ್ನೂ ಹುಡುಕಬೇಕಾಯಿತು. 2012ರ ಸ್ಕಲ್‌ಗರ್ಲ್ಸ್ ಒಂದೇ ಸರಣಿ ಮರುಕಳಿಸಿದ್ದನ್ನು ಗುರುತಿಸಿ ಏಟು ತಿನ್ನುವವನಿಗೆ ಬಿಡಿಸಿಕೊಳ್ಳುವ ಅವಕಾಶ ಕೊಡುತ್ತದೆ. ಸಣ್ಣ ತಂಡಕ್ಕೆ ಎರಡು ಸರಳ ಬೇಲಿ ಸಾಕು.

ಒಂದು, ಡ್ಯಾಮೇಜ್ ಇಳಿಕೆ: ಮೊದಲೆರಡು ಏಟಿಗೆ ನೂರಕ್ಕೆ ನೂರು, ಆಮೇಲೆ 90, 80, 70, 60 ಹೀಗೆ 20ರ ತನಕ. 40, 40, 60, 60, 80, 120ರ ಕಾಂಬೋ 400 ಆಗುವ ಬದಲು 40+40+54+48+56+72, ಒಟ್ಟು 310 ಆಗುತ್ತದೆ. ರೌಂಡಿಗೆ ನಾಲ್ಕು ಸಲ ಸಿಕ್ಕಿಬಿದ್ದರೆ ಸೋಲು. ಈ ಜಾತಿಯ ಗೇಮಿಗೆ ಹದವಾದ ಅಳತೆ. ಎರಡು, ಆರನೇ ಏಟಿನಿಂದ ಹಿಟ್‌ಸ್ಟನ್ ಒಂದೊಂದೇ ಫ್ರೇಮ್ ಕಡಿಮೆಯಾಗಲಿ. ಕಾಂಬೋ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಕೆಡುವುದು ಎಲ್ಲಿ? ಇಳಿಕೆಯ ಕೌಂಟರ್ ಸೊನ್ನೆಗೆ ಮರಳುವ ಜಾಗದಲ್ಲಿ. ಎದುರಾಳಿ ನೆಲಕ್ಕೆ ಬಡಿದು ಪುಟಿಯುವಾಗ ಒಂದೇ ಒಂದು ಫ್ರೇಮ್ "ಬಿಡುವು" ಸ್ಥಿತಿಗೆ ಹೋದರೂ ಕೌಂಟರ್ ಸೊನ್ನೆಯಾಗುತ್ತದೆ, ಅಲ್ಲಿಂದ ಇಡೀ ಕಾಂಬೋ ಪೂರ್ತಿ ಡ್ಯಾಮೇಜಿನಲ್ಲಿ ಮತ್ತೆ ಶುರು. ಪಾತ್ರ ಓಪಿ ಎಂಬ ದೂರು ಬಂದಾಗ ಮೊದಲು ಇದನ್ನು ನೋಡಿ. ಮೂರು ತಾಕಿನ ಅಲೆಯನ್ನು ಇಳಿಕೆಯಲ್ಲಿ ಒಂದೇ ಏಟೆಂದು ಎಣಿಸಿ, ಇಲ್ಲದಿದ್ದರೆ ಬಾನುವಿನ ಕಾಂಬೋಗಳು ಶುರುವಾಗುವ ಮೊದಲೇ ಸಪ್ಪೆಯಾಗುತ್ತವೆ.

ಏಟು ತಾಕಿದಾಗ ಇಬ್ಬರೂ ಕ್ಷಣ ಹೆಪ್ಪುಗಟ್ಟುವ ಹಿಟ್‌ಸ್ಟಾಪ್ ಹಗುರಕ್ಕೆ 6, ಭಾರಕ್ಕೆ 10 ಫ್ರೇಮ್ ಇಡಿ. ಆ ಹೊತ್ತಿನಲ್ಲಿ ಸ್ಟನ್ ಕೌಂಟರ್ ಕೂಡ ನಿಲ್ಲಬೇಕು. ಅದು ಓಡುತ್ತಲೇ ಇದ್ದರೆ 15ರ ಹಿಟ್‌ಸ್ಟನ್ 9 ಆಗಿ ಉಳಿದು ಇಡೀ ಟೇಬಲ್ ಸುಳ್ಳಾಗುತ್ತದೆ. ಎಂಜಿನ್‌ನ ಟೈಮ್ ಸ್ಕೇಲ್ ಇಳಿಸಿ ಹಿಟ್‌ಸ್ಟಾಪ್ ಮಾಡಬೇಡಿ, ರೌಂಡ್ ಗಡಿಯಾರದಿಂದ ಹಿಡಿದು ನಾಯಿಯ ತನಕ ಎಲ್ಲವೂ ನಿಧಾನವಾಗುತ್ತದೆ. ಹೆಪ್ಪುಗಟ್ಟಿದಾಗ ಒತ್ತಿದ ಬಟನ್ನನ್ನು ನೆನಪಿಟ್ಟುಕೊಂಡು ಬಿಡುವಾದ ಕೂಡಲೇ ನಡೆಸಿ. ನೆನಪು 5 ಫ್ರೇಮ್ ಸಾಕು, 10 ದಾಟಿದರೆ ಬೇಡದ ಏಟುಗಳು ಹೊರಬೀಳುತ್ತವೆ.

ಬಹಳ ತಂಡಗಳಿಗೆ ಕಾಣದೇ ಹೋಗುವ ಇನ್ನೊಂದು ದೋಷವಿದೆ. ಕೋಡ್ ಮೊದಲ ಆಟಗಾರನ ಏಟನ್ನು ಮೊದಲು ಪರೀಕ್ಷಿಸಿ, ತಕ್ಷಣ ಎರಡನೆಯವನನ್ನು ಸ್ಟನ್‌ಗೆ ತಳ್ಳಿದರೆ, ಒಂದೇ ಫ್ರೇಮಿಗೆ ಇಬ್ಬರೂ ಹೊಡೆದಾಗ ಎಡಗಡೆಯವನೇ ಸದಾ ಗೆಲ್ಲುತ್ತಾನೆ. ಮೊದಲು ಎರಡೂ ಕಡೆಯ ತಾಕುಗಳನ್ನು ಪಟ್ಟಿ ಮಾಡಿ, ಆಮೇಲೆ ಒಟ್ಟಿಗೆ ಜಾರಿ ಮಾಡಿ.

ಬಿಡಿಸಿಕೊಳ್ಳುವ ದಾರಿಗೆ ಬೆಲೆ ಇರಲಿ

ನರುಟೋ ಅಲ್ಟಿಮೇಟ್ ನಿಂಜಾ ಸ್ಟಾರ್ಮ್ ಸರಣಿಯಲ್ಲಿ ಏಟು ಬಿದ್ದ ಕ್ಷಣ ಮರದ ದಿಮ್ಮಿ ಬಿಟ್ಟು ಹಿಂದಕ್ಕೆ ಹಾರುವ ತಂತ್ರವಿದೆ. 2012ರ ಜನರೇಶನ್ಸ್ ಆವೃತ್ತಿ ಅದಕ್ಕೆಂದೇ ನಾಲ್ಕು ಪಟ್ಟಿಯ ಪ್ರತ್ಯೇಕ ಗೇಜ್ (ಬಳಸಿದಂತೆ ಖಾಲಿಯಾಗುವ ಅಳತೆಪಟ್ಟಿ) ತಂದಿತು. ಡ್ರ್ಯಾಗನ್ ಬಾಲ್ ಫೈಟರ್‌ಜೀನಲ್ಲಿ ಎದುರಾಳಿಯನ್ನು ದೂರ ತಳ್ಳುವ ಸ್ಪಾರ್ಕಿಂಗ್ ಮ್ಯಾಚಿಗೆ ಒಂದೇ ಸಲ. ನಿಮ್ಮ ಗೇಮಿಗೆ ರೌಂಡಿಗೆ ಒಂದು ಬಿಡುಗಡೆ ಸಾಕು, ಸ್ಪೆಷಲ್ ಗೇಜಿನಿಂದ ಬೇರೆಯಾಗಿರಲಿ. ಎರಡಕ್ಕೂ ಒಂದೇ ಗೇಜ್ ಇಟ್ಟರೆ ಜನ ಸೂಪರ್ ಏಟು ಹಾಕುವುದನ್ನೇ ಬಿಡುತ್ತಾರೆ, ನೀವು ತಿಂಗಳುಗಟ್ಟಲೆ ಬಿಡಿಸಿದ ಆ್ಯನಿಮೇಶನ್ ಯಾರಿಗೂ ಕಾಣುವುದಿಲ್ಲ.

ಸೋಲುತ್ತಿರುವವನಿಗೆ ಬಲ ಕೊಡುವ ರೂಪಾಂತರ ಅನಿಮೆಗೆ ಬೇಕೇ ಬೇಕು. ಆದರೆ ಡ್ಯಾಮೇಜ್ ಹೆಚ್ಚಿಸುವುದಕ್ಕಿಂತ ಗಿಲ್ಟಿ ಗಿಯರ್‌ನ ಗಟ್ಸ್ ರೀತಿ ಒಳ್ಳೆಯದು: ಜೀವ ಇಳಿದಂತೆ ಬೀಳುವ ಏಟು ಹಗುರವಾಗುತ್ತದೆ. ಕೊನೆಯ ಹನಿ ಜೀವ ಉದ್ದ ಬರುತ್ತದೆ, ಮುಂದಿದ್ದವನ ದುಡಿಮೆಯೂ ಹಾಳಾಗುವುದಿಲ್ಲ.

ಕಣ ಮೂರು ಆಯಾಮದ್ದಾದರೆ ಇನ್ನೊಂದೇ ಮಾತು: ಏಟು ಎದುರಾಳಿಯತ್ತ ತಾನೇ ತಿರುಗುವುದು ಸ್ಟಾರ್ಟಪ್‌ನಲ್ಲಿ ಮಾತ್ರ, ಫ್ರೇಮಿಗೆ 3 ಡಿಗ್ರಿ ಮೀರದೆ. ಆಕ್ಟಿವ್ ಆದಮೇಲೂ ತಿರುಗುತ್ತಿದ್ದರೆ ಪಕ್ಕಕ್ಕೆ ಸರಿಯುವ ಬಟನ್ ಇದ್ದೂ ಇಲ್ಲದಂತೆ.

ಆಡಿಸಿ ನೋಡುವುದು

ಹತ್ತು ಮ್ಯಾಚಿನಲ್ಲಿ ಮಲ್ಲಣ್ಣ ಏಳು ಗೆದ್ದ ಎಂದರೆ ಏನೂ ಸಾಬೀತಾಗಲಿಲ್ಲ. ಇಬ್ಬರೂ ಪೂರ್ತಿ ಸಮಬಲರಿದ್ದರೂ ಹತ್ತರಲ್ಲಿ ಏಳು ಅಥವಾ ಹೆಚ್ಚು ಗೆಲ್ಲುವ ಸಂಭವ ಶೇ 17, ಸುಮಾರು ಆರರಲ್ಲಿ ಒಂದು ಸಲ. ನೂರು ಮ್ಯಾಚಿಗೂ ಗೆಲುವಿನ ಶೇಕಡಾವಾರಿನಲ್ಲಿ ಹತ್ತು ಅಂಶ ಆಚೀಚೆ ಇದ್ದೇ ಇರುತ್ತದೆ, ಐದಕ್ಕೆ ಇಳಿಸಲು ನಾನೂರು ಬೇಕು. ಮೂರು ಜೋಡಿಗೆ ನೂರರಂತೆ 300 ಮ್ಯಾಚ್, ಒಂದಕ್ಕೆ 3 ನಿಮಿಷ: 15 ತಾಸು. ಎರಡು ಲ್ಯಾಪ್‌ಟಾಪ್ ಇಟ್ಟರೆ ಶನಿವಾರ, ರವಿವಾರ ಎರಡು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಅರ್ಧ ಆದಮೇಲೆ ಆಡುವವರು ಪಾತ್ರ ಅದಲುಬದಲು ಮಾಡಲಿ, ಕುರ್ಚಿಯನ್ನೂ ಬದಲಿಸಲಿ. ಇಲ್ಲದಿದ್ದರೆ ನೀವು ಅಳೆದದ್ದು ಪಾತ್ರವನ್ನಲ್ಲ, ಆಡಿದವನನ್ನು.

ಪ್ರತಿ ಮ್ಯಾಚಿನ ನಂತರ ಗೇಮೇ ಒಂದು ಫೈಲಿಗೆ ಬರೆಯಲಿ: ಯಾರ ಮೇಲೆ ಯಾರು, ಗೆದ್ದವರು, ಉಳಿದ ಜೀವ, ಸೆಕೆಂಡು, ಪ್ರತಿ ಏಟಿನಿಂದ ಬಂದ ಒಟ್ಟು ಡ್ಯಾಮೇಜ್. ಕೊನೆಯದ್ದು ಚಿನ್ನ. ಒಂದು ಪಾತ್ರದ ಡ್ಯಾಮೇಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಏಟಿನಿಂದ ಬರುತ್ತಿದ್ದರೆ, ಗೆಲುವಿನ ಪ್ರಮಾಣ ಸರಿಯಿದ್ದರೂ ಆ ಪಾತ್ರ ಬೇಸರದ್ದೇ.

ಹೊಸಬರನ್ನು, ಪಳಗಿದವರನ್ನು ಬೇರೆ ಬೇರೆ ಲೆಕ್ಕ ಮಾಡಿ. ಹೊಸಬರ ನಡುವೆ ಮಲ್ಲಣ್ಣ ಗೆಲ್ಲುತ್ತಾನೆ, ಪಟ್ಟಿಗೆ ಹಾರಬೇಕೆಂದು ಅವರಿಗೆ ತಿಳಿದಿರುವುದಿಲ್ಲ. ಅದೇ ಮಲ್ಲಣ್ಣ ಪಳಗಿದವರ ಕೈಯಲ್ಲಿ ಬಾನುವಿನ ಮುಂದೆ ಹೆಜ್ಜೆ ಮುಂದಿಡಲಾರ. ಎರಡೂ ಗುಂಪನ್ನು ಕೂಡಿಸಿದರೆ ಶೇ 50 ಬಂದು ಎಲ್ಲ ಸರಿಯಿದೆ ಎನಿಸುತ್ತದೆ. ಇಂಥಲ್ಲಿ ಟ್ಯುಟೋರಿಯಲ್‌ನಲ್ಲಿ ಹಾರುವುದನ್ನು ಕಲಿಸಿ, ಜತೆಗೆ ಅಲೆಯನ್ನು ಒಂದು ಏಟಿನ ಮಟ್ಟಿಗೆ ತಿಂದು ಮುನ್ನುಗ್ಗುವ ಚಲನೆಯೊಂದನ್ನು ಮಲ್ಲಣ್ಣನಿಗೆ ಕೊಡಿ.

ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಿದ್ದರೆ ಪವರ್ ಸೇವಿಂಗ್‌ನಿಂದ ಫ್ರೇಮ್ ರೇಟ್ ಕುಸಿಯುತ್ತದೆ. ಆ ಮ್ಯಾಚುಗಳನ್ನು ಲೆಕ್ಕದಿಂದ ಹೊಡೆದುಹಾಕಿ. ಬೆಳಗಾವಿಯಲ್ಲಿ ಆಡಿಸುವುದಾದರೆ ಕನ್ನಡದವರು, ಮರಾಠಿಯವರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ, ಅಭಿಪ್ರಾಯದ ಹಾಳೆಯಲ್ಲಿ ಏಟಿನ ಹೆಸರಿನ ಬದಲು ಅದರ ಚಿತ್ರ ಹಾಕಿ. ಕೇಳುವುದು ಎರಡೇ ಪ್ರಶ್ನೆ: ಯಾವಾಗ ಸುಮ್ಮನೆ ನೋಡುತ್ತ ಕೂರಬೇಕಾಯಿತು, ಯಾವ ಏಟು ಬಂದದ್ದೇ ಕಾಣಲಿಲ್ಲ. "ಯಾರು ಓಪಿ" ಎಂದು ಕೇಳಬೇಡಿ, ತಮ್ಮನ್ನು ಸೋಲಿಸಿದವನ ಹೆಸರೇ ಬರುತ್ತದೆ. ಏಟು ಕಾಣಲಿಲ್ಲ ಎಂಬ ಉತ್ತರ ಬಂದರೆ ಫ್ರೇಮ್ ಮುಟ್ಟುವ ಮೊದಲು ಕಿಡಿ, ಹೊಗೆ, ಮಿಂಚಿನ ಎಫೆಕ್ಟ್ ಅರ್ಧ ಮಾಡಿ ಮತ್ತೆ ಆಡಿಸಿ. ನಿಂತು ತಡೆಯಬೇಕಾದ ಏಟಿನ ಸ್ಟಾರ್ಟಪ್ 20ಕ್ಕಿಂತ ಕಡಿಮೆಯಿದ್ದರೂ ಇದೇ ಉತ್ತರ ಬರುತ್ತದೆ: ಪ್ರತಿಕ್ರಿಯೆಗೆ 15, ತೆರೆಯ ತಡಕ್ಕೆ 4-5 ಫ್ರೇಮ್ ಹೋದರೆ ಉಳಿಯುವುದು ಏನೂ ಇಲ್ಲ.

ತಿದ್ದುವಾಗ ಕ್ರಮ ಹೀಗಿರಲಿ: ಬಗ್, ಆಮೇಲೆ ಫ್ರೇಮ್ ಮತ್ತು ದೂರ, ಆಮೇಲೆ ಗೇಜ್, ಕಟ್ಟಕಡೆಗೆ ಡ್ಯಾಮೇಜ್. ಒಂದು ಬಿಲ್ಡ್‌ನಲ್ಲಿ ಒಂದು ಪಾತ್ರಕ್ಕೆ ಒಂದೇ ಬದಲಾವಣೆ. ಹಳೆಯ ಅಂಕಿ, ಹೊಸ ಅಂಕಿ, ಕಾರಣ ಮೂರನ್ನೂ ಸ್ಪ್ರೆಡ್‌ಶೀಟಿನ ಪಕ್ಕದ ಕಾಲಂನಲ್ಲಿ ಬರೆಯಿರಿ.

ಆನ್‌ಲೈನ್ ಆಡಿಸುವ ಯೋಚನೆಯಿದ್ದರೆ ರೋಲ್‌ಬ್ಯಾಕ್ (ಎದುರಾಳಿಯ ಬಟನ್ ತಡವಾಗಿ ತಲುಪಿದಾಗ ಗೇಮ್ ಹಿಂದಿನ ಫ್ರೇಮಿಗೆ ಹೋಗಿ ಮತ್ತೆ ಲೆಕ್ಕ ಹಾಕುವ ವಿಧಾನ) ಈಗಿನಿಂದಲೇ ಮನಸ್ಸಿನಲ್ಲಿರಲಿ. ಅದಕ್ಕೆಂದೇ ಇರುವ ಜಿಜಿಪಿಓ ಲೈಬ್ರರಿ 2019ರಿಂದ ಎಂಐಟಿ ಪರವಾನಗಿಯಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಫೈಟರ್‌ಜೀ ಬಂದದ್ದು 2018ರಲ್ಲಿ, ಅದಕ್ಕೆ ರೋಲ್‌ಬ್ಯಾಕ್ ಸಿಕ್ಕಿದ್ದು 2024ರಲ್ಲಿ. ಆಮೇಲೆ ಸೇರಿಸುವುದು ಎಷ್ಟು ತ್ರಾಸಿನ ಕೆಲಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪಿಂಗ್ (ಸಂದೇಶ ಹೋಗಿ ಬರುವ ಸಮಯ) 100 ಮಿಲಿಸೆಕೆಂಡು ಇದ್ದರೆ ಒಂದು ಕಡೆಯ ಪಯಣ 50 ಮಿಲಿಸೆಕೆಂಡು, 3 ಫ್ರೇಮ್. ಬಟನ್ನಿಗೆ 2 ಫ್ರೇಮ್ ತಡ ಸೇರಿಸಿದರೆ ಹಿಂದಕ್ಕೆ ಹೋಗಿ ಮತ್ತೆ ಲೆಕ್ಕ ಹಾಕಬೇಕಾದ್ದು ಒಂದೇ ಫ್ರೇಮ್. ಪೂರ್ಣಾಂಕದ ಕೌಂಟರ್, ನಿಮ್ಮದೇ ಆಯತ ಪರೀಕ್ಷೆ ಮೊದಲೇ ಇದ್ದರೆ ಪ್ರತಿ ಫ್ರೇಮಿನ ಸ್ಥಿತಿಯನ್ನು ಉಳಿಸಿ ಮರಳಿ ತರುವುದು ಕೆಲವು ದಿನಗಳ ಕೆಲಸ. ಟೈಮರ್ ನೋಡ್, ಏರಿಯಾ2ಡಿ ಮೇಲೆ ಕಟ್ಟಿದ್ದರೆ ಹೊಡೆದಾಟವನ್ನು ಬುಡದಿಂದ ಮತ್ತೆ ಬರೆಯಬೇಕಾಗುತ್ತದೆ.